ಗಚ್ಚಿ ಮೇಲಿನ ಗಲಾಟಾ

ಯಾರಿಗೂ ಹೇಳದ ಚಿಂತೆಯೊಂದನ್ನು ಇಲ್ಲಿ ಬರೆದಿಡುತ್ತೇನೆ. ಜೇನುಹುಳಗಳ ಬಗ್ಗೆ ಮಾತಾಡುವಾಗ ನನಗೆ 'ಬಂದವು' ಅನ್ನಲು ಬರುವುದಿಲ್ಲ, 'ಬಂದರು' ಅನ್ನುತ್ತೇನೆ. ಬಿ.ಎ. ಮುಗಿಸಿ ನಾಲ್ಕು ವರ್ಷವಾದ, ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮೆಟ್ಟಿಲು ಹತ್ತಿ ಹೋಗುವ ಹುಡುಗಿಗೆ ಇದು ಒಳ್ಳೆಯ ಲಕ್ಷಣವಲ್ಲ. ಮನುಷ್ಯರಿಗೆ ಕೊಡಬೇಕಾದ ಮಾತು, ಮರ್ಯಾದೆ ಎರಡನ್ನೂ ಹುಳಗಳ ಮೇಲೆ ಖರ್ಚು ಮಾಡುತ್ತಿದ್ದೇನೆಯೇ? ಯಾರನ್ನಾದರೂ ಕೇಳೋಣವೆಂದರೆ, ಕೇಳುವುದಕ್ಕೂ ಬಾಯಿ ಬಿಡಬೇಕು.

ತಪ್ಪು ಮೊದಲು ಅವ್ವನದು. ಅಲ್ಲ, ಅದಕ್ಕಿಂತ ಮೊದಲು ಅಪ್ಪನದು. ಕಳೆದ ದಸರೆಗೆ ಅಪ್ಪ ಪುಣೆಯ ಮಾರ್ಕೆಟ್ ಯಾರ್ಡಿನಿಂದ ತೋರಣಕ್ಕೆಂದು ಹೂ ತಂದರು. ಚೆಂಡುಹೂವಿನ ನಡುವೆ, ಕೆಂಪು ದಳದ ತುದಿಗೆ ಹಳದಿ ಅಂಚು ಹೊಲಿದಂತಿದ್ದ ಹೂವೊಂದಿತ್ತು. ಹೆಸರೇನೆಂದು ಕೇಳಿದ್ದಕ್ಕೆ ಇಂದಾಪುರದ ಕಡೆಯ ಹೂವಿನವನು 'ಗಲಾಟಾ' ಅಂದನಂತೆ. ಕನ್ನಡದವರ ಬಾಗಿಲಿಗೆ ಗಲಾಟಾ ಕಟ್ಟುವುದು ಅಷ್ಟು ಶುಭವಲ್ಲ ಎಂದು ನಮಗೆ ಆಗ ಹೊಳೆಯಲಿಲ್ಲ. ತೋರಣ ಒಣಗಿದ ಮೇಲೆ ನಾನು ಬೀಜ ಉದುರಿಸಿಕೊಂಡೆ. ಎಣ್ಣೆ ಡಬ್ಬಿಗಳ ಬಾಯಿ ಕತ್ತರಿಸಿ, ಅಡಿಗೆ ತೂತು ಹೊಡೆದು, ಗಚ್ಚಿಯ ಮೇಲೆ ಹದಿನಾಲ್ಕು ಡಬ್ಬಿಯಲ್ಲಿ ಬಿತ್ತಿದೆ. ಗಚ್ಚಿ ಅಂದರೆ ನಮ್ಮ ಸಮಾಧಾನ ಸೊಸೈಟಿಯ ತಾರಸಿ. ನಾಲ್ಕು ಮಹಡಿಯ ಈ ಕಟ್ಟಡದಲ್ಲಿ ಬಿಸಿಲು ಪೂರ್ತಿ ಬೀಳುವ ಜಾಗ ಅದೊಂದೇ.

ಗಲಾಟಾ ಸಸಿಗೆ ಪೂರ್ತಿ ಬಿಸಿಲು ಬೇಕು. ನೀರು ಅಷ್ಟಕ್ಕಷ್ಟೇ. ಬಾಡಿದ ಹೂ ಚಿವುಟಿದರೆ ಇನ್ನೆರಡು ಮೊಗ್ಗು ಕೊಡುತ್ತದೆ, ಒಮ್ಮೆ ಬೇರು ಹಿಡಿದರೆ ಎರಡು ಮೂರು ವರ್ಷ ತನ್ನ ಪಾಡಿಗೆ ಹೂ ಬಿಡುತ್ತಲೇ ಇರುತ್ತದೆ. ಬುಡದಲ್ಲಿ ನೀರು ನಿಂತರೆ ಮಾತ್ರ ಎರಡೇ ದಿನಕ್ಕೆ ಕೊಳೆಯುತ್ತದೆ. ಅಂದರೆ ಇದನ್ನು ಬೆಳೆಸುವ ವಿದ್ಯೆ ಇಷ್ಟೇ: ಬಿಸಿಲಲ್ಲಿ ಇಟ್ಟು, ಕೈ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು ದೂರ ನಿಲ್ಲುವುದು. ನನ್ನ ಅಳತೆಗೆ ದೇವರು ಇನ್ನೊಂದು ಕೆಲಸ ಹೊಲಿದಿರಲಿಕ್ಕಿಲ್ಲ.

ಜನವರಿಗೆ ಹದಿನಾಲ್ಕೂ ಡಬ್ಬಿ ಕೆಂಪಾದವು. ಒಂದು ಬೆಳಿಗ್ಗೆ ಒಂಬತ್ತೂವರೆಗೆ ಜೇನುಹುಳಗಳು ಬಂದರು. ಸಂಡಿಗೆ ಒಣಗಿಸಲು ಮೇಲೆ ಬಂದ ಅವ್ವ ಅವರನ್ನು ನೋಡಿ, "ಅನೂ, ನಿನ್ನ ಪಾವಣ್ಯಾರು ಬಂದ್ರು ನೋಡು," ಅಂದಳು. ನನ್ನನ್ನು ಹುಡುಕಿಕೊಂಡು ನಮ್ಮ ಮನೆಗೆ ಯಾವ ಅತಿಥಿಯೂ ಬಂದ ದಾಖಲೆ ಇರಲಿಲ್ಲವಾದ್ದರಿಂದ ಇದು ಕುಹಕ. ನಾನು ಮಾತ್ರ ಅದನ್ನು ಸತ್ಕಾರವೆಂದೇ ಸ್ವೀಕರಿಸಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಜೇನುಹುಳಗಳಿಗೆ ಪಾವಣ್ಯಾರು ಎಂದೇ ಹೆಸರಾಯಿತು.

ಫೆಬ್ರವರಿಯ ಮೊದಲ ವಾರ ಲಿಫ್ಟಿನ ಪಕ್ಕ ನೋಟೀಸು ಬಿತ್ತು. ಹಾಕಿದವರು ಸೊಸೈಟಿಯ ಸೆಕ್ರೆಟರಿ ವಿಕಾಸ ಪೋಂಕ್ಷೆ. ಮೆಟ್ಟಿಲ ಮೇಲೆ ಜೋರಾಗಿ ಕೆಮ್ಮಬಾರದೆಂದು ಈ ಹಿಂದೆ ನೋಟೀಸು ಹಾಕಿದವರೂ ಇವರೇ. ಈ ಸಲದ ಕಾರಣ, ಗಚ್ಚಿಯ ಮೇಲೆ ಒಣಗಲು ಹಾಕಿದ್ದ ಅವರ ಬನಿಯನ್ ಮೇಲೆ ಒಂದು ಜೇನು ಕೂತು ಎದ್ದು ಹೋಗಿತ್ತು. ಬನಿಯನ್ ಒಳಗೆ ಪೋಂಕ್ಷೆ ಇರಲಿಲ್ಲ. ಆದರೆ ಇರಬಹುದಿತ್ತು ಎಂಬುದು ಅವರ ವಾದ. ಮಧಮಾಶಿಗಳನ್ನು, ಅಂದರೆ ಜೇನುಹುಳಗಳನ್ನು, ಕರೆಯುವ ಎಲ್ಲ ಹೂಕುಂಡಗಳನ್ನು ಭಾನುವಾರದೊಳಗೆ ತೆಗೆಯಬೇಕು, ತಪ್ಪಿದರೆ ವಾಚಮನ್ ತಾಯಪ್ಪ ಎಸೆಯುತ್ತಾನೆ, ಉಳಿದ ಹುಳಗಳಿಗೆ ಗಟಾರಿನ ಜಿರಳೆಗೆ ಹೊಡೆಯುವ ಔಷಧಿ ಹೊಡೆಯುತ್ತಾನೆ ಎಂದು ಮರಾಠಿಯಲ್ಲಿ ಬರೆದಿತ್ತು. ಅಪ್ಪ ಅದನ್ನು ಫೋನಿನಲ್ಲಿ ಫೋಟೊ ತೆಗೆದು ತಂದು ಮನೆಯಲ್ಲಿ ಗಟ್ಟಿಯಾಗಿ ಓದಿದರು. ಮರಾಠಿಯಲ್ಲಿ ಹೂಕುಂಡಕ್ಕೆ ಇರುವ ಶಬ್ದ ನಮ್ಮ ಧಾರವಾಡದ ಕಡೆ ಕೂತುಕೊಳ್ಳಲು ಬೇಕಾಗುವ ಅಂಗದ ಹೆಸರು. ಆ ಶಬ್ದ ಬಂದಲ್ಲೆಲ್ಲ ಅಪ್ಪ ಕೆಮ್ಮಿದರು. ನೋಟೀಸಿನಲ್ಲಿ ಅದು ಏಳು ಸಲ ಬಂದಿತ್ತು.

ಪೋಂಕ್ಷೆಯವರಿಗೆ ಅರ್ಜಿ ಬರೆಯೋಣವೆಂದು ಡೈರಿಯಲ್ಲಿ ಮೂರು ಕರಡು ಮಾಡಿದೆ. ಮೂರನೆಯದು ಬಹಳ ಚೆನ್ನಾಗಿ ಬಂದಿತ್ತು. ಅದು ಈಗಲೂ ಡೈರಿಯಲ್ಲೇ ಇದೆ.

ಬುಧವಾರ ಡಬ್ಬಿಗಳ ಸುತ್ತ ಕಸ ಗುಡಿಸುತ್ತಿದ್ದೆ. ಎರಡನೇ ಮಹಡಿಯ ನೀಲಿಮಾ ಕಾಕು ಸೀರೆ ಒಣಗಿಸಲು ಬಂದು, ಏನು ಇಷ್ಟೊಂದು ಸ್ವಚ್ಛ ಮಾಡ್ತಿದ್ದೀ ಅಂತ ಮರಾಠಿಯಲ್ಲಿ ಕೇಳಿದರು. ನೋಟೀಸಿನಲ್ಲಿ ಆರೋಪಿಯ ಜಾಗದಲ್ಲಿರುವ ಮಧಮಾಶಿಯ ಹೆಸರನ್ನು ನಾನೇ ಹೇಗೆ ಬಾಯಿ ಬಿಟ್ಟು ಹೇಳಲಿ? ಮನೆಯ ಶಬ್ದವನ್ನೇ ಮರಾಠಿ ಮಾಡಿ, ಪಾವಣ್ಯಾರು ಬರ್ತಾರೆ ಅಂದೆ.

"ಪಾಹುಣೆ ಯೇತಾತ, ಕಾಕು."

ಕಾಕುವಿನ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. "ಬಘಾಯಲಾ?" ಅಂದರು. ನೋಡೋದಕ್ಕಾ, ಅಂತ. ಇವರೂ ಬಂದು ನೋಡಬಹುದೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು, ಹೌದು ಎನ್ನಲು "ಹೋ" ಅಂದೆ. ಹನ್ನೊಂದು ವರ್ಷದಲ್ಲಿ ಕಾಕುವಿನ ಜೊತೆ ನಾನು ನಡೆಸಿದ ಅತಿ ದೀರ್ಘ ಸಂಭಾಷಣೆ ಅದು.

ಇಪ್ಪತ್ತಾರು ವರ್ಷದ ಹುಡುಗಿ ಇರುವ ಮನೆಗೆ ಪಾಹುಣೆ ನೋಡಲು ಬರುತ್ತಾರೆ ಎಂದರೆ ಪುಣೆಯಲ್ಲಿ ಒಂದೇ ಅರ್ಥ. ಗಂಡಿನ ಕಡೆಯವರು ಬರುತ್ತಾರೆ, ಅವಲಕ್ಕಿ ತಿನ್ನುತ್ತಾರೆ, ಹುಡುಗಿಯನ್ನು ನೋಡುತ್ತಾರೆ. ಇದು ನನಗೆ ಹೊಳೆದದ್ದು ಮಧ್ಯಾಹ್ನ, ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಕಾಕು ಹಾಕಿದ ಸುದ್ದಿಗೆ ಇಪ್ಪತ್ತಮೂರು ಜನ ಕೈ ಮುಗಿದ ಚಿತ್ರ ಹಾಕಿದ ಮೇಲೆ.

ಸಂಜೆ ಪೋಂಕ್ಷೆ ಸ್ವತಃ ಮನೆಗೆ ಬಂದರು. ಬಾಗಿಲು ತೆಗೆದವರು ಅಪ್ಪ. ನನ್ನ ಅಪ್ಪ ಪ್ರಲ್ಹಾದ ಹುನಗುಂದ ಮೂವತ್ತಾರು ವರ್ಷ ವಿಮಾ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾರೇ ಏನೇ ಹೇಳಿದರೂ ಮರಾಠಿಯಲ್ಲಾದರೆ "ಹೋ ಹೋ", ಕನ್ನಡದಲ್ಲಾದರೆ "ಹೌದ್ಹೌದ್ರಿ" ಅನ್ನುತ್ತಾರೆ. ಏನು ಹೇಳಿದರು ಎಂಬುದನ್ನು ಆಮೇಲೆ ಅವ್ವನನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಪೋಂಕ್ಷೆ ಅಭಿನಂದನೆ ಹೇಳಿದರು. ಹೋ ಹೋ. ಗಂಡಿನ ಕಡೆಯವರನ್ನು ಗಚ್ಚಿಯ ಮೇಲೇ ಕೂರಿಸಿ, ಸೊಸೈಟಿಯ ಮಾನ ನಮ್ಮ ಮಾನ ಅಂದರು. ಹೋ ಹೋ. ಹೂವಿದ್ದರೆ ಶೋಭೆ, ಹಾಗಾಗಿ ಕುಂಡಗಳು ಸದ್ಯಕ್ಕೆ ಇರಲಿ ಅಂದರು. ಅಪ್ಪ ಹೋ ಅಂದು ಸಣ್ಣಗೆ ಕೆಮ್ಮಿದರು. ಪೋಂಕ್ಷೆ ಇಳಿದು ಹೋಗಿ, ನೋಟೀಸಿನಲ್ಲಿ 'ಭಾನುವಾರದೊಳಗೆ' ಎಂಬುದನ್ನು ಹೊಡೆದು, ಕೆಂಪು ಶಾಯಿಯಲ್ಲಿ 'ಪಾಹುಣೆ ಹೋದ ಮೇಲೆ' ಎಂದು ತಿದ್ದಿದರು.

ನಾನು ಆ ಕೆಂಪು ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತೆ. ನನ್ನ ಪಾವಣ್ಯಾರು ದಿನಾ ನಾಲ್ಕು ಗಂಟೆಗೆ ಹೋಗುತ್ತಾರೆ, ಮರುದಿನ ಒಂಬತ್ತೂವರೆಗೆ ಬರುತ್ತಾರೆ. ಹಾಗೆ ನೋಡಿದರೆ ಅವರು ಹೋಗುವುದೇ ಇಲ್ಲ. ನಾನೊಬ್ಬಳು ಸುಮ್ಮನಿದ್ದರೆ ಹದಿನಾಲ್ಕು ಡಬ್ಬಿಯೂ ಉಳಿಯುತ್ತವೆ. ಸುಮ್ಮನಿರುವುದಕ್ಕೆ ಇಷ್ಟು ಬೆಲೆ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮೇಲೆ ಬಂದಾಗ ಅಪ್ಪ, ಯಾವ ಪಾವಣ್ಯಾರು ಎಂದು ಕೇಳಿದರು. ಗಚ್ಚಿಯ ಕಡೆ ಬೆರಳು ತೋರಿಸಿದೆ. ಓ, ಹುಳಾನಾ, ಎಂದು ನಿರಾಳವಾಗಿ ನಕ್ಕರು. ಅದೇ ಹೊತ್ತಿಗೆ ಬೆಳಗಾವಿಯಿಂದ ಅವರ ಅಕ್ಕನ ಫೋನು ಬಂತು. ಅತ್ತೆಯ ಹೆಸರು ಸುಲಭಾ. ಹೆಸರಷ್ಟೇ. ಅವರು ಯಾವಾಗಲೂ ಒಗ್ಗರಣೆ ಹಾಕುತ್ತಲೇ ಫೋನು ಮಾಡುತ್ತಾರೆ, ಆದ್ದರಿಂದ ಅಪ್ಪ ಸ್ಪೀಕರ್ ಹಾಕಿ ಕೂಗಿಯೇ ಮಾತಾಡಬೇಕು. ಅನೂ ಏನ ಮಾಡ್ತಾಳ ಎಂದು ಅತ್ತೆ ವಿಚಾರಿಸಿದರು. ಅಪ್ಪನಿಗೆ ಮೊದಲ ಬಾರಿಗೆ ಹೇಳಿಕೊಳ್ಳಲು ಏನೋ ಒಂದು ಇತ್ತು.

"ಅನೂ ಗಚ್ಚಿ ಮ್ಯಾಲೆ ಗಲಾಟಾ ಹಚ್ಚ್ಯಾಳ ಅಕ್ಕಾ. ಪಾವಣ್ಯಾರು ದಿನಾ ಬರ್ಲಿಕತ್ಯಾರ."

ನಮ್ಮ ಕಡೆ ಸಸಿ ನೆಡುವುದಕ್ಕೂ ಹಚ್ಚುವುದು ಅನ್ನುತ್ತಾರೆ, ಜಗಳ ಶುರುಮಾಡುವುದಕ್ಕೂ ಹಚ್ಚುವುದು ಅನ್ನುತ್ತಾರೆ. ಬೆಳಗಾವಿಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಅತ್ತೆ ಗ್ಯಾಸು ಆರಿಸಿದ್ದರು.

"ದಿನಾನಾ?"

"ದಿನಾ. ಒಂಬತ್ತೂವರಿಗೆ. ಹತ್ತು ಹದಿನೈದು ಮಂದಿ."

"ಅವರ ಮುಂದೂ ಗಲಾಟಾ?"

"ಅವರ ಸಲುವಾಗೇ ಹಚ್ಚ್ಯಾಳಲ್ಲ. ಭಾಳ ಛಂದ ಹಚ್ಚ್ಯಾಳ. ನೋಡ್ಲಿಕ್ಕೆ ಬಾ ಒಮ್ಮೆ."

"ಪಲ್ಲ್ಯಾ, ನಿನಗ ಬುದ್ಧಿ ಎಂದ ಬರ್ತದೋ," ಎಂದು ಅತ್ತೆ ಫೋನಿಟ್ಟರು. ಹುಳಗಳಿಗೆ ಮನುಷ್ಯರ ಮರ್ಯಾದೆ ಕೊಟ್ಟರೆ ಏನಾಗುತ್ತದೆ ಎಂಬುದು ನನಗೆ ಆ ಕ್ಷಣ ಅರ್ಥವಾಯಿತು. 'ಬರ್ಲಿಕತ್ತಾವ' ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪನಿಗೆ ಮಾತ್ರ, ಹೂವಿನ ಸುದ್ದಿ ಕೇಳಿ ಅಕ್ಕ ಯಾಕೆ ಸಿಟ್ಟಾದಳು ಎಂಬುದೇ ತಿಳಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಅತ್ತೆ ಬಸ್ಸಿಳಿದು ಬಂದರು. ಒಂದು ಕೈಯಲ್ಲಿ ಕುಂದಾದ ಡಬ್ಬಿ, ಇನ್ನೊಂದರಲ್ಲಿ ಒಬ್ಬ ಹುಡುಗನ ಫೋಟೊ. ನನ್ನನ್ನು ಎದುರಿಗೆ ಕೂರಿಸಿಕೊಂಡು, ಹೆಣ್ಣುಮಕ್ಕಳು ಇಷ್ಟು ಬಾಯಿ ಮಾಡಬಾರದು, ಮನೆಗೆ ಬಂದ ಮಂದಿಯ ಮೇಲೆ ಹೀಗೆ ಹರಿಹಾಯಬಾರದು, ಹದಿನೈದು ಮಂದಿಯನ್ನು ಓಡಿಸಿದ ಹುಡುಗಿಯೆಂದು ಹೆಸರಾದರೆ ಗತಿ ಏನು ಎಂದು ಒಂದು ತಾಸು ಬುದ್ಧಿ ಹೇಳಿದರು. ಆ ವರ್ಷವಿಡೀ ಹೊರಗಿನವರ ಜೊತೆ ನಾನಾಡಿದ ವಾಕ್ಯಗಳು ಹದಿನೈದು ಆಗಿರಲಿಕ್ಕಿಲ್ಲ. ಅತಿಯಾಗಿ ಮಾತಾಡುತ್ತಾಳೆ ಎಂಬ ದೂರು ಜೀವನದಲ್ಲಿ ಮೊದಲ ಬಾರಿ ಬಂತಲ್ಲ, ಒಳಗೊಳಗೇ ಕೊಂಚ ಹೆಮ್ಮೆ ಆಯಿತು. ನಾನು ಸುಮ್ಮನೆ ಕೂತಿದ್ದನ್ನು ಅತ್ತೆ ಸೊಕ್ಕು ಎಂದು ಬಗೆದರು.

ಅತ್ತೆಯ ಹುಡುಗನ ಹೆಸರು ಓಂಕಾರ್. ತಾಯಿ ಬೆಳಗಾವಿಯವರು, ಮನೆ ಕೋಥರೂಡಿನಲ್ಲಿ, ಕೆಲಸ ಚಾಕಣದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ, ಅಂದರೆ ಎಲ್ಲದರಲ್ಲೂ ಊನ ಹುಡುಕುವುದೇ ಕಸುಬು. ಭಾನುವಾರ ಹತ್ತಕ್ಕೆ ಬರುತ್ತಾರೆ ಎಂದು ಅತ್ತೆ ಘೋಷಿಸಿದರು. ಅಪ್ಪ ಹೌದ್ಹೌದು ಅಂದರು. ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಹುಳಗಳ ವಿಷಯ ಪೂರ್ತಿ ಮರೆತುಹೋಗಿತ್ತು. ಇಡೀ ಸೊಸೈಟಿ ಎರಡು ದಿನದಿಂದ ಅಭಿನಂದಿಸುತ್ತಿತ್ತಲ್ಲ, ಅದಕ್ಕೆ ತಕ್ಕ ಒಬ್ಬ ಅಳಿಯ ಕೊನೆಗೂ ಸಿಕ್ಕಿದ್ದು ಅವರಿಗೆ ಸಮಾಧಾನ ತಂದಿತ್ತು. ಅವ್ವನಿಗೆ ಎಲ್ಲ ನೆನಪಿತ್ತು. ಆದರೆ ಅವಳು ಕುಂದಾದ ಡಬ್ಬಿಯ ಮುಚ್ಚಳ ತೆಗೆಯುತ್ತ, "ಹೆಂಗೂ ಬರ್ತಾರ, ನೋಡ್ಕೊಂಡು ಹೋಗ್ಲಿ ಬಿಡು," ಅಂದಳು.

ನಾನು ಲೆಕ್ಕ ಹಾಕಿದೆ. ನಿಜವಾದ ಪಾವಣ್ಯಾರು ಹತ್ತಕ್ಕೆ ಬಂದು ಹನ್ನೊಂದಕ್ಕೆ ಹೋಗುತ್ತಾರೆ. ಕೆಂಪು ಶಾಯಿಯ ಪ್ರಕಾರ ಹನ್ನೊಂದೂಕಾಲಿಗೆ ತಾಯಪ್ಪ ಡಬ್ಬಿ ಎಸೆಯುತ್ತಾನೆ.

ಆದರೆ ಡಬ್ಬಿಗಳು ಅಲ್ಲಿಯವರೆಗೆ ಬದುಕುತ್ತವೆಯೇ ಎಂಬುದೇ ಅನುಮಾನವಾಯಿತು. ಸೊಸೈಟಿ ಸಹಾಯಕ್ಕೆ ಇಳಿದಿತ್ತು. ಶನಿವಾರ ಬೆಳಿಗ್ಗೆ ನಾನು ಗಚ್ಚಿಗೆ ಹೋದಾಗ ನೀಲಿಮಾ ಕಾಕು ಬಕೆಟ್ಟು ಹಿಡಿದು, ಗಂಡಿನ ಕಡೆಯವರಿಗೆ ಹೂ ತಾಜಾ ಕಾಣಬೇಕೆಂದು ಒಂದೊಂದು ಡಬ್ಬಿಗೂ ಕಂಠದವರೆಗೆ ನೀರು ತುಂಬುತ್ತಿದ್ದರು. ಗುರುವಾರದಿಂದ ದಿನಕ್ಕೆರಡು ಸಲ ಹಾಕುತ್ತಿದ್ದೇನೆ, ನೀನು ಚಿಂತೆ ಮಾಡಬೇಡ ಎಂದರು. ಮೂರು ಸಸಿಗಳ ಬುಡ ಆಗಲೇ ಕಪ್ಪಾಗಿ ಮೆತ್ತಗಾಗಿತ್ತು. ಬೇಡ ಕಾಕು ಎಂಬ ಎರಡು ಶಬ್ದ ಗಂಟಲವರೆಗೆ ಬಂದವು. ಕಾಕು ನನ್ನ ಕೆನ್ನೆ ಚಿವುಟಿ, ನಾಚಿಕೆ ನೋಡು ಇವಳದು ಎಂದು ಹೊರಟುಹೋದರು. ಆ ಎರಡು ಶಬ್ದಗಳನ್ನು ಡೈರಿಗೆ ಸೇರಿಸಿದೆ.

ಒಂಬತ್ತಕ್ಕೆ ಪೋಂಕ್ಷೆ ಮತ್ತು ತಾಯಪ್ಪ ಮಂಟಪ ಹೊತ್ತು ತಂದರು. ಗಣಪತಿಗೆ ಹಾಕುವ ನೀಲಿ ಬಟ್ಟೆಯ ಮಂಟಪ. ನಾಲ್ಕು ಕಂಬ ನಿಲ್ಲಿಸಿ ಸರಿಯಾಗಿ ನನ್ನ ಡಬ್ಬಿಗಳ ಮೇಲೆ ಬಿಗಿದರು. ಹದಿನಾಲ್ಕು ಸೂರ್ಯಭಕ್ತರು ಒಮ್ಮೆಲೇ ಕತ್ತಲಾದರು. ನಾನು ಸಮಸ್ತ ಧೈರ್ಯ ಒಟ್ಟುಗೂಡಿಸಿ, ಬಿಸಿಲಿಗೆ ಮರಾಠಿಯಲ್ಲಿ ಇರುವ ಶಬ್ದ ಹಿಡಿದು, "ಕಾಕಾ, ಊನ್..." ಅಂದೆ. ಊನ್ ಬೀಳದಿರಲಿ ಅಂತಲೇ ಇದೆಲ್ಲ, ಥ್ಯಾಂಕ್ಯೂ ಹೇಳುವ ಅಗತ್ಯವಿಲ್ಲ ಎಂದು ಪೋಂಕ್ಷೆ ನನ್ನ ಬೆನ್ನು ತಟ್ಟಿದರು. ನನ್ನ ಪಾವಣ್ಯಾರು ಬಂದವರು ನೀಲಿ ಬಟ್ಟೆಯ ಮೇಲೆ ಎರಡು ಸುತ್ತು ಹೊಡೆದು, ವಿಳಾಸ ತಪ್ಪಿದವರಂತೆ ವಾಪಸ್ಸು ಹೋದರು.

ಭಾನುವಾರ. ಮಂಟಪದ ಕೆಳಗೆ ಪೋಂಕ್ಷೆಯವರ ಮನೆಯ ಸೋಫಾ. ಅದರ ಸುತ್ತ ನನ್ನ ಡಬ್ಬಿಗಳು, ಒಂದೊಂದಕ್ಕೂ ಕಾಕು ಸುತ್ತಿದ ಬಂಗಾರದ ಬಣ್ಣದ ಕಾಗದ. ಮೂರು ಸತ್ತಿದ್ದವು, ಆದರೂ ಕಾಗದ ಸುತ್ತಲಾಗಿತ್ತು. ಗಚ್ಚಿಯ ಇನ್ನೊಂದು ತುದಿಯಲ್ಲಿ ಸೊಸೈಟಿಯ ಎಂಟು ಹೆಂಗಸರು ಅದೇ ದಿನ, ಅದೇ ಹೊತ್ತಿಗೆ, ಮೆಣಸಿನಕಾಯಿ ಒಣಗಿಸಲು ಬಂದಿದ್ದರು. ಒಬ್ಬರ ಮೊರದಲ್ಲಿ ಇದ್ದದ್ದು ನಾಲ್ಕೇ ಮೆಣಸಿನಕಾಯಿ. ಮೆಟ್ಟಿಲ ಬಾಗಿಲಲ್ಲಿ ತಾಯಪ್ಪ ಹೆಗಲಿಗೆ ಔಷಧಿಯ ಪಂಪು ಏರಿಸಿ, ಹನ್ನೊಂದೂಕಾಲು ಆಗುವುದನ್ನೇ ಕಾಯುತ್ತಿದ್ದ.

ಓಂಕಾರ್ ಮತ್ತು ಅವನ ತಾಯಿ ಕೂತರು. ಅವ್ವ ಅವಲಕ್ಕಿ ಕೊಟ್ಟಳು, ಅತ್ತೆ ಕುಂದಾ ಕೊಟ್ಟರು. ಓಂಕಾರ್ ಕುಂದಾವನ್ನು ಬೆಳಕಿಗೆ ಹಿಡಿದು ನೋಡಿ, ಸಕ್ಕರಿ ಒಂದೀಟು ಮುಂದಾಗ್ಯದ ಅಂದ. ನನ್ನನ್ನೂ ಅದೇ ಬೆಳಕಿನಲ್ಲಿ ನೋಡಿದ, ಆದರೆ ಏನು ಮುಂದಾಗಿದೆ ಎಂದು ಹೇಳಲಿಲ್ಲ. ಅವನ ತಾಯಿ ತಲೆತುಂಬ ಅಬ್ಬಲಿಗೆ ಮುಡಿದಿದ್ದರು. ಅವಲಕ್ಕಿಯನ್ನು ಪಕ್ಕಕ್ಕಿಟ್ಟು ಅಪ್ಪನ ಕಡೆ ತಿರುಗಿದರು. ಬೆಳಗಾವಿಯಿಂದ ಸುದ್ದಿ ಅವರವರೆಗೂ ತಲುಪಿತ್ತು.

"ಹುಡುಗಿ ಗಲಾಟಿ ಭಾಳ ಹಚ್ಚ್ತಾಳ ಅಂತ ಕೇಳೀವಿ. ಖರೇ ಏನ್ರಿ?"

ಅಪ್ಪನ ಮುಖ ಅರಳಿತು. "ಹೌದ್ರಿ. ಅಕೀನ ಹಚ್ಚಿದ್ದು, ಯಾರೂ ಹೇಳಿಕೊಟ್ಟಿಲ್ಲ. ನೋಡ್ರಿ, ನಿಮ್ಮ ಕಾಲಾಗ ಅದ."

ಅವರು ಕಾಲೆತ್ತಿಕೊಂಡರು. ಅತ್ತೆ ಮಧ್ಯೆ ಬಾಯಿ ಹಾಕಿ, ಈಗ ಎಲ್ಲ ಬಿಟ್ಟಾಳ, ನಾ ಬುದ್ಧಿ ಹೇಳೀನಿ ಅಂದರು. ಬಿಟ್ಟಿಲ್ಲಕ್ಕಾ, ಇನ್ನೂ ಹನ್ನೊಂದು ಅವ, ಎಂದು ಅಪ್ಪ ತಿದ್ದಿದರು. ಓಂಕಾರನ ತಾಯಿ ಮಗನನ್ನು ನೋಡಿದರು. ಹನ್ನೊಂದು ಏನು ಎಂದು ಕೇಳುವ ಧೈರ್ಯ ಇಬ್ಬರಿಗೂ ಇದ್ದಂತೆ ಕಾಣಲಿಲ್ಲ.

ಆ ಹೊತ್ತಿಗೆ ಬಿಸಿಲು ಮಂಟಪದ ಅಂಚಿನಿಂದ ಓರೆಯಾಗಿ ಒಳಗೆ ಬಂತು. ಮೊದಲು ಒಂದು ಡಬ್ಬಿಯ ಮೇಲೆ, ಆಮೇಲೆ ಸೋಫಾದ ಕೈಯ ಮೇಲೆ. ಬಿಸಿಲಿನ ಹಿಂದೆಯೇ ಅವರು ಬಂದರು. ಹತ್ತು, ಹದಿನೈದು, ಎಂದಿನಷ್ಟೇ. ಯಾರನ್ನೂ ಮಾತಾಡಿಸದೆ ನೇರ ಗಲಾಟಾದ ಮೇಲೆ ಕೂತರು. ಇಬ್ಬರು ಕುಂದಾದ ತಟ್ಟೆಯನ್ನು ವಿಚಾರಿಸಿದರು. ಒಬ್ಬರು ಮಾತ್ರ ದಾರಿ ತಪ್ಪಿ ಓಂಕಾರನ ತಾಯಿಯ ಅಬ್ಬಲಿಗೆಯ ಮೇಲೆ ಇಳಿದರು.

ಯಾರನ್ನೂ ಯಾರೂ ಕಚ್ಚಲಿಲ್ಲ. ಇದನ್ನು ಬರೆದಿಡುವುದು ಅಗತ್ಯ, ಯಾಕೆಂದರೆ ವಾಟ್ಸ್ಯಾಪ್ ಗುಂಪಿನಲ್ಲಿ ಬೇರೆಯೇ ಬಂದಿದೆ. ಆದರೆ ಓಂಕಾರ್ ಸೋಫಾ ಏರಿದ. ತಾಯಿಯನ್ನು ಏರಿಸಿಕೊಳ್ಳಲು ಮರೆತ. ಎಂಟು ಹೆಂಗಸರು ಮೊರಗಳನ್ನು ತಲೆಗೆ ಹಿಡಿದುಕೊಂಡರು, ಮೆಣಸಿನಕಾಯಿ ಮಳೆಯಾಯಿತು. ಅಪ್ಪ ಎಲ್ಲರಿಗೂ ಹೋ ಹೋ ಅನ್ನುತ್ತ ಅವಲಕ್ಕಿಯ ತಟ್ಟೆಗಳನ್ನು ರಕ್ಷಿಸಿದರು. ಪೋಂಕ್ಷೆ ನೀಲಿ ಬಟ್ಟೆಯ ಅಂಚನ್ನು ಮೈಗೆ ಸುತ್ತಿಕೊಂಡು, ಪಾಹುಣೆಯವರಿಗೆ ಕಚ್ಚುತ್ತವೆ, ಬೇಗ ಹೊಡಿ ಎಂದು ಮರಾಠಿಯಲ್ಲಿ ತಾಯಪ್ಪನಿಗೆ ಕೂಗಿದರು. ತಾಯಪ್ಪ ಬಂದು ಡಬ್ಬಿಗಳ ಮುಂದೆ ನಿಂತು ನಳಿಗೆ ಎತ್ತಿದ. ಅವನು ಇಂಡಿ ತಾಲೂಕಿನ ಕಡೆಯ ಕನ್ನಡದವನು, ಕೆಲಸಕ್ಕೆ ಕೈ ಹಾಕುವ ಮೊದಲು ಕೇಳುವ ಮನುಷ್ಯ.

"ಹೊಡೀಲೇನ್ರಿ?"

ಅತ್ತೆ ಕುಂದಾದ ಡಬ್ಬಿಯನ್ನು ಎದೆಗೊತ್ತಿಕೊಂಡು, "ಮನಿಗೆ ಪಾವಣ್ಯಾರು ಬಂದಾಗ ಇದೆಂಥಾದ್ದು. ಯಾರು ಕರದ್ರು ಇವನ್ನ?" ಅಂದರು.

ಪಂಪಿನ ಬಾಯಿಗೂ ಹೂವಿಗೂ ನಡುವೆ ಎರಡು ಗೇಣು ಜಾಗವಿತ್ತು. ಅಲ್ಲಿ ಹೋಗಿ ನಿಂತೆ. ಈ ಸಲ ಬರೆದುಕೊಳ್ಳಲು ಡೈರಿ ಹತ್ತಿರ ಇರಲಿಲ್ಲ.

"ನಾ ಕರದೀನಿ, ಅತ್ತಿ. ನಾ ಕರದ ಪಾವಣ್ಯಾರು ಇವರಷ್ಟ. ನಿಮ್ಮನ್ನ ಯಾರನ್ನೂ ನಾ ಕರದಿಲ್ಲ."